ಅರ್ಧ ಲಾರಿ

ಮಾರ್ಚ್ 4

ಭಾವನಿಗೆ,

ಫೋನು ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆಂದು ನಿನಗೇ ಗೊತ್ತು. ಫೋನಿನಲ್ಲಿ ನಮ್ಮಿಬ್ಬರ ಮಾತು ಕ್ಷೇಮಸಮಾಚಾರ ದಾಟಿದರೆ ಜಗಳ. ಯಾರಾದರೊಬ್ಬರು ಫೋನಿಡುತ್ತೇವೆ, ಆಮೇಲೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿರುತ್ತೇವೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಸಿಟ್ಟು ಬಂದರೆ ಹರಿದುಹಾಕು, ಆದರೆ ಪೂರ್ತಿ ಓದಿ ಹರಿ.

ಲಾರಿ ಕೈ ಕೊಟ್ಟಿದೆ. ಸಿಮೆಂಟು ಮೂಟೆ ತುಂಬಿಕೊಂಡು ಏರು ಹತ್ತುವಾಗ ನೀರಿನ ಪೈಪು ಒಡೆಯಿತು. ಪಕ್ಕಕ್ಕೆ ತೆಗೆಯುವಷ್ಟರಲ್ಲಿ ಇಂಜಿನ್ ಕಾದು ಪಿಸ್ಟನ್ನುಗಳು ಇದ್ದಲ್ಲೇ ಕಚ್ಚಿಕೊಂಡವು. ಎಷ್ಟೋ ದಿನದಿಂದ ನೀಲಿ ಹೊಗೆ ಉಗುಳುತ್ತಿತ್ತು, ಆಯಿಲ್ಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ನಿನಗೆ ಹೇಳಿದಾಗಲೆಲ್ಲ "ಇನ್ನೊಂದು ಟ್ರಿಪ್ ನೋಡೋಣ ಕಣೋ" ಅಂದೆ. ನೋಡಿದ್ದಾಯಿತು. ಸಿಮೆಂಟು ಬೇರೆ ಗಾಡಿ ಹತ್ತಿ ಹೋಯಿತು. ನಮ್ಮದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದು, ಎರಡು ಹೆದ್ದಾರಿ ಕೂಡುವ ಜಾಗದಲ್ಲಿರುವ ಒಂದು ಗ್ಯಾರೇಜಿನ ಹಿಂದೆ ನಿಲ್ಲಿಸಿದ್ದೇನೆ. ನಾನು ಕ್ಯಾಬಿನ್ನಿನಲ್ಲೇ ಮಲಗುತ್ತೇನೆ. ಎದ್ದರೆ ಎದುರಿಗೆ ಹಳೇ ಟೈರುಗಳ ಗುಡ್ಡೆ, ಅದರ ಹಿಂದೆ ತಗಡಿನ ಗೋಡೆ.

ಮೇಸ್ತ್ರಿ ಎರಡು ದಾರಿ ಹೇಳಿದ್ದಾರೆ. ಒಂದು, ಇದೇ ಇಂಜಿನ್ ಬಿಚ್ಚಿ, ಲೈನರು, ಪಿಸ್ಟನ್ನು, ರಿಂಗು, ಬೇರಿಂಗು ಬದಲಿಸಿ, ಸವೆದ ಕ್ರ್ಯಾಂಕು ದಂಡ ಉಜ್ಜಿಸಿ ಮತ್ತೆ ಕಟ್ಟುವುದು. ಕೈಗೆ ದುಡ್ಡು ಬಂದ ಹಾಗೆ ಒಂದೊಂದೇ ಸಾಮಾನು ತಂದು ಮಾಡಿಸಬಹುದು, ಆದರೆ ತಿಂಗಳುಗಳು ಹಿಡಿಯುತ್ತವೆ. ಇನ್ನೊಂದು, ಇಲ್ಲಿನ ಗುಜರಿಯವನ ಹತ್ತಿರ ಇದೇ ಜಾತಿಯ ಇನ್ನೊಂದು ಇಂಜಿನ್ ಇದೆ. ಅದನ್ನು ತಂದು ಕೂರಿಸುವುದು. ಹೊಸ ಇಂಜಿನ್ನಿನ ಮಾತು ಬೇಡ, ನಮ್ಮಿಬ್ಬರ ಜೇಬು ಜಾಲಾಡಿದರೂ ಅದರ ಪೆಟ್ಟಿಗೆ ಕೂಡ ಬರುವುದಿಲ್ಲ.

ಗುಜರಿಯವನು ಮೂರನೆಯ ಮಾತೊಂದು ಸೇರಿಸಿದ. "ಇಂಜಿನ್ ನಾನೇ ಹಾಕ್ತೀನಿ, ಲಾರಿ ನನಗೇ ಕೊಟ್ಬಿಡಿ." ನಮ್ಮ ಕೈಯಿಂದ ಬಿಡಿಗಾಸೂ ಬೀಳುವುದಿಲ್ಲ, ಒಂದಿಷ್ಟು ಕೈಗೆ ಬರುತ್ತದೆ. ಆದರೆ ಇಂಜಿನ್ ನಂಬರು ಬದಲಾದರೂ ಲಾರಿ ಮಾರಿದರೂ ಕಾಗದಕ್ಕೆ ಇಬ್ಬರು ಮಾಲೀಕರ ಸಹಿಯೂ ಬೇಕು. ಹಳೇದನ್ನೇ ಕಟ್ಟಿಸುವುದಕ್ಕೆ ಯಾರ ಸಹಿಯೂ ಬೇಡ.

ನೇರವಾಗಿ ಹೇಳುತ್ತೇನೆ. ನನಗೆ ಸಾಕಾಗಿದೆ. ಲಾರಿ ಮಾರಿ ಇಳಿದುಬಿಡುತ್ತೇನೆ. ಬಂದು ಸಹಿ ಹಾಕು.

ಇಂತಿ,
ಅರ್ಧ ಲಾರಿಯ ಮಾಲೀಕ


ಮಾರ್ಚ್ 13

ಬಾಮೈದ ಮಹಾಶಯರಿಗೆ,

ಇದನ್ನು ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ, ಅವಳ ಅಕ್ಷರ ದುಂಡಗಾಗಲಿ ಅಂತ. ನಿನ್ನ ಕಾಗದವನ್ನೂ ಅವಳೇ ಓದಿ ಹೇಳಿದಳು. ಆದ್ದರಿಂದ ನಾನು ನಿನಗೆ ಬೈಯಬೇಕೆಂದಿದ್ದ ಬೈಗುಳಗಳನ್ನೆಲ್ಲ ನುಂಗಿಕೊಂಡಿದ್ದೇನೆ. ಖಾಲಿ ಬಿಟ್ಟ ಜಾಗದಲ್ಲಿ ನೀನೇ ತುಂಬಿಕೊ.

ಅಂಗಡಿ ನಡೆಯುತ್ತಿದೆ. ನಿಮ್ಮಪ್ಪ ಬಿಟ್ಟುಹೋದ ಅದೇ ಗೂಡು, ಅದೇ ಸ್ಟೂಲು. ಊರಿನವರೆಲ್ಲ ಎಲ್ಲೆಲ್ಲಿಗೋ ಹೊರಟಿರುತ್ತಾರೆ, ನಾನು ಅವರ ಬ್ಯಾಗಿನ ಜಿಪ್ಪು ಹಾಕುತ್ತೇನೆ, ಸೂಟ್‌ಕೇಸಿನ ಚಕ್ರ ಕೂರಿಸುತ್ತೇನೆ. ನಾನು ಕೂರಿಸಿದ ಚಕ್ರಗಳು ಎಷ್ಟೋ ಊರು ಸುತ್ತಿವೆ. ನಾನು ಮಾತ್ರ ಸ್ಟೂಲಿನಿಂದ ಎದ್ದರೆ ಮನೆ, ಮನೆಯಿಂದ ಎದ್ದರೆ ಸ್ಟೂಲು. ಮೊನ್ನೆ ಯಾವನೋ ಮುದುಕನ ಬ್ಯಾಗನ್ನು ಒಬ್ಬಳು ಹುಡುಗಿಗೆ ಕೊಟ್ಟು ಕಳಿಸಿಬಿಟ್ಟೆ. ಅವಳು ಮನೆಗೆ ಹೋಗಿ ತೆಗೆದರೆ ಒಳಗೆ ಹಲ್ಲಿನ ಸೆಟ್ಟು! ನಿಮ್ಮಕ್ಕ ಈಗಲೂ ನಗುತ್ತಿಲ್ಲ, ನಾನೊಬ್ಬನೇ ನಗುತ್ತಿದ್ದೇನೆ.

ಇಂಜಿನ್ ವಿಷಯ. ಬದಲಿಸುವ ಮಾತೇ ಬೇಡ. ಆ ಇಂಜಿನ್ ಬ್ಲಾಕಿನ ಮೇಲೆ ಕೆತ್ತಿರುವ ನಂಬರು ನನಗೆ ಮಗಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. (ಇದನ್ನು ಬರೆಯುವುದಿಲ್ಲ ಎಂದು ಮಗಳು ಹಟ ಮಾಡಿದಳು, ಬರೆಸಿದ್ದೇನೆ.) ಯಾರದೋ ಗುಜರಿ ಇಂಜಿನ್ ಹಾಕಿದರೆ ಅದು ನಮ್ಮ ಲಾರಿ ಹೇಗಾಗುತ್ತದೆ? ಇದನ್ನೇ ಕಟ್ಟಿಸು. ನಿಧಾನವಾದರೂ ಸರಿ. ಮಾರುವುದಂತೂ ಕನಸಿನಲ್ಲೂ ಎತ್ತಬೇಡ. ಮನೆ ನಡೆಯುವುದು ಅಂಗಡಿಯಿಂದಲ್ಲ, ಲಾರಿಯ ಅರ್ಧದಿಂದ. ನಿಮ್ಮಕ್ಕನನ್ನು ಕೇಳು ಬೇಕಾದರೆ.

ಇನ್ನೊಂದು ವರ್ಷ ತಡಿ. ಅಂಗಡಿಗೆ ಯಾರನ್ನಾದರೂ ಕೂರಿಸಿ ನಾನೇ ಬಂದು ಸ್ಟೇರಿಂಗ್ ಹಿಡಿಯುತ್ತೇನೆ. ಆಮೇಲೆ ನೀನು ಇಳಿ, ಎಲ್ಲಿ ಬೇಕಾದರೂ ಇಳಿ. ಮೊದಲ ಡ್ರೈವರ್ ನಾನು, ಮರೆತೆಯಾ?

ಇಂತಿ,
ಇನ್ನರ್ಧ ಲಾರಿಯ ಮಾಲೀಕ


ಮಾರ್ಚ್ 29

ಭಾವ,

ನಿನ್ನ ಮಗಳು ಓದುತ್ತಾಳೆ ಎಂದು ನಾನೂ ಬೈಗುಳ ನುಂಗಿದ್ದೇನೆ. ಪುಟ್ಟೀ, ನಿನ್ನ ಅಕ್ಷರ ಮುತ್ತಿನ ಹಾಗಿದೆ. ಹೇಳಿಸಿದವನ ಬುದ್ಧಿ ಮಾತ್ರ ಹಾಗಿಲ್ಲ.

ನೀನು ಹೇಳಿದ ಹಾಗೇ ಇಂಜಿನ್ ಬಿಚ್ಚಿಸಿದೆ. ಈಗ ನಾನು ಗ್ಯಾರೇಜು ಬಿಟ್ಟು ಕದಲುವಂತಿಲ್ಲ. ಬಿಚ್ಚಿದ ಇಂಜಿನ್ನಿನ ಹತ್ತಿರ ಮಾಲೀಕ ಇರಬೇಕು, ಇಲ್ಲದಿದ್ದರೆ ಒಳ್ಳೆಯ ಸಾಮಾನು ಹೋಗಿ ಅದರ ಜಾಗದಲ್ಲಿ ಸವೆದದ್ದು ಬಂದು ಕೂತಿರುತ್ತದೆ. ಇಲ್ಲಿರುವವರೆಲ್ಲ ಹಾಗೇ ಕಾದು ಕೂತವರು. ಪ್ರತಿಯೊಬ್ಬನೂ ತನ್ನ ಸಾಮಾನಿಗೆ ಉಳಿಯಿಂದ ಒಂದು ಗುರುತು ಹೊಡೆದು, ಅದರ ಪಕ್ಕ ಚಾಪೆ ಹಾಸಿಕೊಂಡಿದ್ದಾನೆ. ನಾನು ಎರಡು ಚುಕ್ಕಿ ಹೊಡೆದಿದ್ದೇನೆ, ಒಂದು ನಿನ್ನದು, ಒಂದು ನನ್ನದು. ಸ್ನಾನಕ್ಕೆ ಹೋಗುವಾಗ ಪಕ್ಕದವನಿಗೆ ಹೇಳಿ ಹೋಗಬೇಕು.

"ಊರೂರು ಸುತ್ತುತ್ತೀಯ, ಪುಣ್ಯವಂತ" ಎಂದು ನೀನು ಪ್ರತಿ ಸಲ ಹೇಳುತ್ತೀಯ. ನಾನು ಊರು ನೋಡಿಲ್ಲ, ಊರುಗಳ ಹಿಂಬಾಗಿಲು ನೋಡಿದ್ದೇನೆ. ಗೋಡೌನು, ತೂಕದ ಕಟ್ಟೆ, ಲೋಡಿಗೆ ಕಾಯುವ ಸಾಲು. ರಸ್ತೆ ಉದ್ದಕ್ಕಿರಬಹುದು, ನನಗೆ ಸಿಗುವುದು ಕ್ಯಾಬಿನ್ನಿನ ಅಗಲ ಮಾತ್ರ. ನೀನಿದ್ದಾಗ ಅದು ಇಕ್ಕಟ್ಟು ಅನ್ನಿಸಿರಲಿಲ್ಲ. ನೀನು ಓಡಿಸುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಸಿಳ್ಳೆ ಹಾಕುತ್ತಿದ್ದೆ. ಆಮೇಲೆ ನೀನು ನಮ್ಮಕ್ಕನನ್ನು ಮದುವೆಯಾದೆ. ಅಪ್ಪ ಹೋದ ಮೇಲೆ "ಅಂಗಡಿ ಖಾಲಿ ಬಿಡೋದು ಬೇಡ, ಒಂದೇ ವರ್ಷ ಕೂತ್ಕೋತೀನಿ" ಅಂದೆ. ಆಗ ಹುಟ್ಟಿರದ ಮಗಳು ಈಗ ನಿನ್ನ ಕಾಗದ ಬರೆಯುತ್ತಿದ್ದಾಳೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಗ್ಯಾರೇಜಿನ ಪಕ್ಕದಲ್ಲೇ ಕಬ್ಬಿಣ ಕಡೆಯುವ ಒಂದು ಲೇತ್ ಅಂಗಡಿ. ಯಜಮಾನಿ ವಯಸ್ಸಾದ ಹೆಂಗಸು, ಎಲ್ಲರೂ ಲೇತಮ್ಮ ಅನ್ನುತ್ತಾರೆ. ನಮ್ಮ ಕ್ರ್ಯಾಂಕು ಅಳೆಸಲು ಹೋಗಿದ್ದೆ. ಇನ್ನೊಂದೇ ಸಲ ಉಜ್ಜಬಹುದಂತೆ, ಅದಕ್ಕಿಂತ ಸಣ್ಣದಾದರೆ ಆ ಅಳತೆಗೆ ಬೇರಿಂಗ್ ಸಿಗುವುದಿಲ್ಲ. ಮಾತಾಡುತ್ತಾ ಅವರ ಮೆಷಿನ್ನಿನ ಮೇಲೆ ಕೈ ಇಟ್ಟೆ. ಲಾರಿ ಹತ್ತುವ ಮುಂಚೆ ನಾನು ಲೇತ್ ಕಲಿತಿದ್ದು ನಿನಗೆ ನೆನಪಿದೆಯಲ್ಲ? ನೀನು "ಅದೇನು ನಿಂತಲ್ಲೇ ನಿಲ್ಲೋ ಕೆಲಸ, ಬಾ ಲಾರಿಗೆ" ಎಂದು ಎಳೆದುಕೊಂಡು ಹೋದೆ. ಕೈ ಏನೂ ಮರೆತಿಲ್ಲ, ಭಾವ. ಈಗ ದಿನಾ ಅವರ ಕೆಲಸ ಮಾಡಿಕೊಡುತ್ತೇನೆ, ಕಿಟಕಿಯಿಂದ ನಮ್ಮ ಇಂಜಿನ್ ಕಾಣುತ್ತದೆ. ನಿನ್ನೆ ಅವರು, "ನಿನ್ ಕೈ ಚೆನ್ನಾಗಿದೆ. ಇಲ್ಲೇ ನಿಂತ್ಕೊಳ್ಳೋ ಹಾಗಿದ್ರೆ ಹೇಳು, ಹಿಂದಿನ ರೂಮು ಖಾಲಿ ಇದೆ," ಅಂದರು.

ನಿಂತುಕೊಳ್ಳಬೇಕು ಅಂತ ಎಷ್ಟು ಆಸೆಯಾಯಿತು ಗೊತ್ತಾ? ಆ ರೂಮಿಗೆ ಒಂದು ಬಾಗಿಲು, ಒಂದು ಗೂಟ. ಗೂಟಕ್ಕೆ ಅಂಗಿ ತೂಗುಹಾಕಿದರೆ ಮಾರನೆಯ ದಿನವೂ ಅಲ್ಲೇ ಇರುತ್ತದೆ.

ನೀನು ಎಂದಾದರೊಂದು ದಿನ ಹೊರಗೆ ಬರಲು ಒಂದು ಬಾಗಿಲು ತೆರೆದಿರಲಿ ಎಂದು ನಾನು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೇನೆ. ಬೆನ್ನು ನೋಯುತ್ತಿದೆ. ಬಂದರೆ ಬಾ, ಇಲ್ಲದಿದ್ದರೆ ಸಹಿ ಹಾಕು. ಕ್ರ್ಯಾಂಕು ಉಜ್ಜದೆ ಇಟ್ಟಿದ್ದೇನೆ.

ಇಂತಿ,
ನಿನ್ನ ಬಾಮೈದ


ಏಪ್ರಿಲ್ 8

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಕೇಳಿ ನಿಮ್ಮ ಭಾವ ಮನೆಯಲ್ಲಿ ಹಾರಾಡಿದರು. ಈಗ, "ನಾನೇ ಹೋಗಿ ಆ ಇಂಜಿನ್ ನೋಡ್ಕೊಂಡು ಬರ್ತೀನಿ, ಅವನ ಕಿವಿ ಹಿಂಡ್ಬೇಕು," ಅನ್ನುತ್ತಿದ್ದಾರೆ. ಮುಂದಿನ ವಾರ, ಸೋಮವಾರ ಬೆಳಗಿನ ಬಸ್ಸಿಗೆ ಕೂರಿಸಿ ಕಳಿಸುತ್ತೇನೆ. ನಾನು ಜೊತೆಗೆ ಬರುತ್ತೇನೆಂದರೆ ಕೇಳುತ್ತಿಲ್ಲ.

ಬಸ್‌ಸ್ಟ್ಯಾಂಡಿಗೆ ನೀನೇ ಹೋಗು. ಬೇರೆ ಯಾರನ್ನೂ ಕಳಿಸಬೇಡ. ಅವರು ಇಳಿದ ಕೂಡಲೇ ನೀನೇ ಕೂಗಿ ಕರೆ, ಅವರು ಹುಡುಕಿಕೊಂಡು ಬರಲಿ ಎಂದು ನಿಂತಿರಬೇಡ. ಸಹಿ ಹಾಕಿಸುವ ಕಾಗದ ಇಟ್ಟುಕೊಂಡಿರು, ಆದರೆ ಜಗಳ ಮಾತ್ರ ಆಡಬೇಡ. ವಾಪಸ್ಸೂ ಬೆಳಕಿರುವಾಗಲೇ ಬಸ್ಸು ಹತ್ತಿಸು.

ನಿನ್ನ ಅಂಗಿಗಳಿಗೆ ಗುಂಡಿ ಇದೆಯೋ ಇಲ್ಲವೋ ದೇವರೇ ಬಲ್ಲ. ಸೂಜಿ ದಾರ ಅವರ ಚೀಲದಲ್ಲಿ ಹಾಕಿ ಕಳಿಸುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ 20

ಅಕ್ಕಾ,

ಈ ಕಾಗದವನ್ನು ನಿಮ್ಮ ಎದುರುಮನೆಯವರ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನೊಬ್ಬಳೇ ಓದು.

ಯಾಕೆ ಹೇಳಲಿಲ್ಲ ನನಗೆ?

ನೀನು ಕೂಗಿ ಕರೆ ಅಂದಿದ್ದೆ. ನಾನು ಕರೆಯಲಿಲ್ಲ. ಸಿಟ್ಟು ಇನ್ನೂ ಇತ್ತು. ಅವನೇ ಮೊದಲು ಮಾತಾಡಲಿ ಎಂದು ಬಸ್ಸಿನ ಬಾಗಿಲಿಗೆ ಎದುರಾಗಿ ಕೈ ಕಟ್ಟಿಕೊಂಡು ನಿಂತೆ. ಭಾವ ಇಳಿದ. ಇಸ್ತ್ರಿ ಮಾಡಿದ ಅಂಗಿ, ಕ್ರಾಪು ನೀಟು. ನನ್ನ ಮುಖವನ್ನೇ ನೇರವಾಗಿ ನೋಡಿದ. ನೋಡಿ, ಪಕ್ಕದಲ್ಲೇ ದಾಟಿಕೊಂಡು ಹೊರಟುಹೋದ.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೂರ ಬಂದು ಮುಖ ನೋಡಿಯೂ ಮಾತಾಡಿಸದಷ್ಟು ಕೊಬ್ಬೇ ಎಂದುಕೊಂಡೆ. ಮಾತಾಡಿಸದೆ ಹಿಂದೆಯೇ ನಡೆದೆ. ಅವನು ಟೀ ಅಂಗಡಿಯಲ್ಲಿ ದಾರಿ ಕೇಳಿ, ಗ್ಯಾರೇಜಿಗೆ ಹೋಗಿ, ನಮ್ಮ ಲಾರಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದ ಮೇಸ್ತ್ರಿಯ ಹೆಗಲಿಗೆ ರಪ್ಪೆಂದು ಹೊಡೆದು, "ಏನ್ ಬಾಮೈದ, ದಪ್ಪ ಆಗಿದೀಯಲ್ಲೋ!" ಅಂದ. ಮೇಸ್ತ್ರಿ ತಿರುಗಿದರು. ಆಗಲೂ ಭಾವ ಅವರ ಮುಖ ನೋಡಿ ನಗುತ್ತಲೇ ಇದ್ದ, ಅಕ್ಕಾ. ಮೇಸ್ತ್ರಿ "ಯಾರ್ರೀ ನೀವು?" ಅಂದ ಮೇಲೇ ಆ ನಗು ನಿಂತಿದ್ದು.

ನಾನು ಹತ್ತಿರ ಹೋದೆ. ಹಿಂದಿನಿಂದ "ಭಾವಾ" ಎಂದೆ. ತಟ್ಟನೆ ಧ್ವನಿ ಬಂದ ಕಡೆಗೆ ತಿರುಗಿದ. "ಗೊತ್ತಿತ್ತು ಕಣೋ ನೀನು ಹಿಂದೆ ಇದೀಯ ಅಂತ, ತಮಾಷೆಗೆ ಹೊಡೆದೆ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ದಿನವಿಡೀ ನೋಡುತ್ತಲೇ ಇದ್ದೆ. ಏನನ್ನಾದರೂ ನೋಡಬೇಕಾದರೆ ಮುಖ ಓರೆ ಮಾಡುತ್ತಾನೆ. ನೇರ ನೋಡಿದ್ದು ಅವನಿಗೆ ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ. ಅದಕ್ಕೇ ಎಲ್ಲೂ ಎಡವುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಕ್ರ್ಯಾಂಕನ್ನು ಹೆಬ್ಬೆರಳಿನಿಂದ ಸವರಿ ಗೀರು ಬಿದ್ದ ಜಾಗ ಹೇಳಿದ. ಬ್ಲಾಕಿನ ಮೇಲಿನ ನಂಬರನ್ನು ಬೆರಳಿನಿಂದಲೇ ಓದಿದ, ಮಗುವಿನ ತಲೆ ಸವರುವ ಹಾಗೆ.

ಆಮೇಲೆ ಕ್ಯಾಬಿನ್ ಹತ್ತಿದ. ಸೀಟನ್ನು ತನ್ನ ಉದ್ದ ಕಾಲಿಗೆ ಸರಿಯಾಗಿ ಹಿಂದಕ್ಕೆ ಸರಿಸಿಕೊಂಡ. ಇಂಜಿನ್ ಇಲ್ಲದ ಲಾರಿ, ಅಕ್ಕಾ. ಅದರಲ್ಲಿ ಕೂತು ಕ್ಲಚ್ಚು ತುಳಿದ, ಗೇರು ಹಾಕಿದ, ಸ್ಟೇರಿಂಗ್ ತಿರುಗಿಸಿದ. ನಾನು ಪಕ್ಕದಲ್ಲಿ ನನ್ನ ಹಳೇ ಜಾಗದಲ್ಲಿ ಕೂತಿದ್ದೆ. "ನೋಡ್ತಿರು, ಇನ್ನೊಂದು ವರ್ಷ," ಅಂದ. ಎದುರಿಗಿದ್ದ ಟೈರುಗಳ ಗುಡ್ಡೆಯನ್ನು ನೋಡಿಕೊಂಡು, "ದಾರಿ ಸ್ವಚ್ಛ ಇದೆ," ಅಂದ. ತಮಾಷೆಯೋ ಅಲ್ಲವೋ ಕೇಳುವ ಧೈರ್ಯ ಬರಲಿಲ್ಲ.

ಸಹಿಯ ಕಾಗದ ಜೇಬಿನಲ್ಲಿತ್ತು. ಕೈ ಹಾಕಿದೆ, ಹಾಗೇ ಬಿಟ್ಟೆ. ಬೆಳಕಿರುವಾಗಲೇ ಬಸ್ಸು ಹತ್ತಿಸಿದೆ. ಹತ್ತುವಾಗ ಅವನೇ ಕೇಳಿದ, "ಆ ಕಾಗದ ಎಲ್ಲೋ? ಕೊಡು, ಮನೇಲಿ ಕೂತು ಯೋಚನೆ ಮಾಡ್ತೀನಿ." ಕೊಟ್ಟೆ.

ಈಗ ನಾನೇನು ಮಾಡಲಿ? ಹೇಳು.

ತಮ್ಮ


ಏಪ್ರಿಲ್ 28

ತಮ್ಮಾ,

ಹೇಳಬೇಕೆಂದು ಎಷ್ಟೋ ಸಲ ಕೂತೆ. ಯಾರ ಗುಟ್ಟನ್ನು ಹೇಳಲಿ? ಅವರೇ ನನಗೆ ಹೇಳಿಲ್ಲ.

ಹೋದ ವರ್ಷ ಲೈಸೆನ್ಸು ಮುಗಿದಾಗ ಹೊಸದು ಮಾಡಿಸಲು ಹೋದರು. ಕಣ್ಣಿನ ಪರೀಕ್ಷೆಯ ಬಾಗಿಲಲ್ಲಿ ಸಾಲು ನಿಂತು, ತಮ್ಮ ಸರದಿ ಬರುವ ಮುಂಚೆ ವಾಪಸ್ ಬಂದರು. "ತುಂಬ ಜನ, ಇನ್ನೊಂದಿನ ಹೋಗ್ತೀನಿ," ಅಂದರು. ಆಮೇಲೆ ಹೋಗಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ನಾನು ನನ್ನ ತಲೆನೋವಿನ ನೆಪ ಮಾಡಿ ಕರೆದುಕೊಂಡು ಹೋದೆ. ಡಾಕ್ಟರು ಅವರನ್ನೂ ನೋಡಿದರು. ಇವರು ಹೊರಗೆ ಬಂದು "ಕನ್ನಡಕ ಬೇಕಂತೆ, ಅಷ್ಟೇ," ಅಂದರು. ಒಳಗೆ ಡಾಕ್ಟರು ಹೇಳಿದ್ದು ನನಗೂ ಕೇಳಿಸಿತ್ತು. ಆ ಕಣ್ಣಿಗೆ ಕನ್ನಡಕವಿಲ್ಲ.

ಅಂದಿನಿಂದ ಈ ಮನೆಯಲ್ಲಿ ಒಂದು ನಾಟಕ ನಡೆಯುತ್ತಿದೆ. ಲೋಟ ಇಟ್ಟಲ್ಲೇ ಇಡುತ್ತೇನೆ. ಅಂಗಿಗಳನ್ನು ಒಂದೇ ಕ್ರಮದಲ್ಲಿ ಮಡಿಸುತ್ತೇನೆ. ಮಗಳಿಗೆ ಅಭ್ಯಾಸವಾಗಲಿ ಎಂದು ಅವರು ಪೇಪರ್ ಓದಿಸುತ್ತಾರೆ, ಅವಳಿಗೆ ಅಭ್ಯಾಸ ಬೇಕು ಎಂದು ನಾನು ಒಪ್ಪುತ್ತೇನೆ. ಅವಳಿಗೂ ಗೊತ್ತು. ನಮಗೆ ಗೊತ್ತಿದೆ ಎನ್ನುವುದು ಅವರಿಗೆ ಗೊತ್ತಿಲ್ಲ ಎಂದುಕೊಂಡು ನಾವಿಬ್ಬರೂ ಓಡಾಡುತ್ತಿದ್ದೇವೆ. ಕೆಲವು ಸಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ, ಬಂದು ಮತ್ತೆ ಲೋಟ ಅದೇ ಜಾಗದಲ್ಲಿಡುತ್ತೇನೆ.

ಬೀದಿಯಲ್ಲಿ ಎಲ್ಲರೂ ಇವರನ್ನು ಇನ್ನೂ "ಡ್ರೈವರಣ್ಣ" ಅಂತಲೇ ಕರೆಯುವುದು, ಬ್ಯಾಗಿನವನು ಅಂತಲ್ಲ. ಲಾರಿ ಇರುವವರೆಗೆ ಇವರು ಸುಮ್ಮನೆ ಸ್ವಲ್ಪ ದಿನ ಸ್ಟೂಲಿನ ಮೇಲೆ ಕೂತ ಡ್ರೈವರು. ಅದು ಹೋದರೆ ಏನೆಂದು ನನಗೆ ಯೋಚಿಸಲೂ ಭಯ.

ಆದರೆ ನಿನಗೂ ಒಂದು ಜೀವ ಇದೆ. ಅಲ್ಲಿ ಲೇತಿನ ಮುಂದೆ ನೀನು ಸಿಳ್ಳೆ ಹಾಕುತ್ತಿದ್ದುದನ್ನು ಅವರು ಬಂದು ಹೇಳಿದರು. ಲಾರಿ ಉಳಿಸು ಅಂತ ನಾನು ಕೇಳುವುದಿಲ್ಲ. ಮಾರು ಅಂತಲೂ ಹೇಳುವುದಿಲ್ಲ. ನನ್ನನ್ನು ಕೇಳಬೇಡ, ಅಷ್ಟೇ ಬೇಡಿಕೊಳ್ಳುತ್ತೇನೆ.

ನಿನ್ನ ಅಕ್ಕ


ಮೇ 6

ಲೇ,

ಇದು ನನ್ನದೇ ಅಕ್ಷರ. ಸಾಲು ಸ್ವಲ್ಪ ಅಡ್ಡಾದಿಡ್ಡಿ ಹೋದರೆ ನಗಬೇಡ, ಅಂಗಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮಕ್ಕನಿಗೂ ಮಗಳಿಗೂ ಗೊತ್ತಿಲ್ಲ. ಗೊತ್ತಾದರೆ ಇಬ್ಬರೂ ಸೇರಿ ಒಂದು ವಾರ ಮೂಗು ತೂರಿಸುತ್ತಾರೆ.

ಅವತ್ತು ಬಂದಾಗ ನಿನ್ನ ಮುಖ ನೋಡಿದೆ. ಲೇತಿನ ಮುಂದೆ ನಿಂತಾಗ ಎಷ್ಟು ಗೆಲುವಾಗಿತ್ತು! ಸಿಳ್ಳೆ ಹಾಕುತ್ತಿದ್ದೆ. ನಾನು ಇಳಿದ ಮೇಲೆ ಲಾರಿಯಲ್ಲಿ ನೀನು ಸಿಳ್ಳೆ ಹಾಕಿದ್ದುಂಟೇನೋ? ಇಲ್ಲ ಅಂತ ನನಗೆ ಗೊತ್ತಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನನ್ನು ಆ ಕ್ಯಾಬಿನ್ನಿಗೆ ಎಳೆದು ತಂದವನು ನಾನೇ, ಆಮೇಲೆ ಬಾಗಿಲು ಹಾಕಿಕೊಂಡು ಹೋದವನೂ ನಾನೇ.

ನಾನು ಈಗ ಸದ್ಯಕ್ಕೆ ಬರುವ ಹಾಗೆ ಕಾಣುವುದಿಲ್ಲ. ಅಂಗಡಿ, ಮನೆ, ನೂರೆಂಟು. ಹಾಗಾಗಿ ಆ ಕಾಗದಕ್ಕೆ ಸಹಿ ಹಾಕಿದ್ದೇನೆ, ಇದರ ಜೊತೆಗಿದೆ. ಯಾರ ಸಹಾಯವೂ ಇಲ್ಲದೆ ನಾನೇ ಕೂತು ಹಾಕಿದ್ದು. ಬ್ಲಾಕ್ ಬದಲಿಸು, ಮಾರು, ಏನು ಬೇಕಾದರೂ ಮಾಡು. ನಿಮ್ಮಕ್ಕನಿಗೆ ನಾನೇ ಸಮಾಧಾನ ಹೇಳುತ್ತೇನೆ.

ಉತ್ತರ ಬರೆದರೆ ಮಗಳೇ ಓದುವುದು, ನೆನಪಿಟ್ಟುಕೊ. "ಕಳಿಸಿದ ಸಾಮಾನು ತಲುಪಿತು" ಅಂತಷ್ಟೇ ಬರೆ, ನನಗೆ ಅರ್ಥವಾಗುತ್ತದೆ. ಆ ರೂಮಿನ ಗೂಟಕ್ಕೆ ಅಂಗಿ ತೂಗುಹಾಕು. ಗುಂಡಿ ಹಾಕಿಕೊಂಡು.

ನಿನ್ನ ಮೊದಲ ಡ್ರೈವರ್


ಮೇ 19

ಅಕ್ಕಾ,

ಭಾವ ಸಹಿ ಹಾಕಿ ಕಳಿಸಿದ್ದಾನೆ. ನಿನಗೆ ಗೊತ್ತಿಲ್ಲ, ಗೊತ್ತಾದ ಹಾಗೆ ತೋರಿಸಿಕೊಳ್ಳಲೂ ಬೇಡ. ನಿಮ್ಮ ನಾಟಕಕ್ಕೆ ನಾನೂ ಸೇರಿಕೊಂಡೆ.

ಕವರು ಒಡೆದು ಅವನ ಕಾಗದ ಓದಿ ಕುಣಿಯುವುದೊಂದು ಬಾಕಿ. ಕೃತಜ್ಞತೆಗೆ ಕಣ್ಣಲ್ಲಿ ನೀರು ಬಂತು. ಗುಜರಿಯವನಿಗೆ ಹೇಳಿ ಕಳಿಸಿದೆ. ಲೇತಮ್ಮ ರೂಮು ಗುಡಿಸಿಸಿದರು. ಆಮೇಲೆ ಸಹಿಯ ಕಾಗದ ಬಿಡಿಸಿ ನೋಡಿದೆ. ಸಹಿಗೆಂದು ಬಿಟ್ಟ ಜಾಗ ಖಾಲಿಯಾಗಿಯೇ ಇದೆ. ಭಾವನ ಸಹಿ ಅದಕ್ಕಿಂತ ಮೇಲೆ, ಇಂಜಿನ್ ನಂಬರಿನ ಮೇಲೆ ಹಾದು, ಓರೆಯಾಗಿ ಇಳಿದು, ಕಾಗದದ ಅಂಚಿನಲ್ಲಿ ಮುರಿದುಹೋಗಿದೆ. ಹೆಸರಿನ ಕೊನೆಯ ಭಾಗ ಅವನ ತೊಡೆಯ ಮೇಲೆ ಬಿದ್ದಿರಬೇಕು.

ಆದರೂ ಆಸೆ. ಆರ್‌ಟಿಓ ಆಫೀಸಿಗೆ ತೆಗೆದುಕೊಂಡು ಹೋದೆ. ಗುಮಾಸ್ತ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ, "ಏನ್ರೀ, ಕುಡಿದು ಸಹಿ ಹಾಕಿದ್ರಾ ಇವ್ರು? ಬೇರೆ ಕಾಗದ ತನ್ನಿ, ಇಲ್ಲಾಂದ್ರೆ ಅವ್ರನ್ನೇ ಕರ್ಕೊಂಡ್ಬನ್ನಿ, ನನ್ನ ಮುಂದೆ ಹಾಕ್ಲಿ," ಅಂದ. ಅವನ ತಪ್ಪೇನಿಲ್ಲ. ಆದರೂ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ನೀನು ಏನು ಹೇಳುತ್ತೀಯ ಗೊತ್ತು. ಇನ್ನೊಂದು ಕಾಗದ ಕಳಿಸು, ನಾನೇ ಕೈ ಹಿಡಿದು ಹಾಕಿಸುತ್ತೇನೆ ಅನ್ನುತ್ತೀಯ. ಬೇಡ. ಯಾರ ಸಹಾಯವೂ ಇಲ್ಲದೆ ನಾನೇ ಹಾಕಿದ್ದು ಎಂದು ಬರೆದಿದ್ದಾನೆ. ಮತ್ತೆ ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅವನು ನನ್ನನ್ನು ಬಿಡಿಸಲು ಕಣ್ಣು ಕಿರಿದು ಮಾಡಿಕೊಂಡು ಹಾಕಿದ ಸಹಿ ಅದು. ಅದು ತಪ್ಪಿತು ಎಂದು ನಾನು ಹೇಳಲಾರೆ.

ಅವತ್ತೇ ಕ್ರ್ಯಾಂಕನ್ನು ಮೆಷಿನ್ನಿಗೆ ಹಾಕಿದೆ. ಲೇತಮ್ಮ, "ನಾನು ಉಜ್ತೀನಿ, ನಿನ್ ಮನಸ್ಸು ಸರಿಯಿಲ್ಲ," ಅಂದರು. ನಾನೇ ಉಜ್ಜುತ್ತೇನೆ ಅಂದೆ. ನಿನ್ನ ಹತ್ತಿರ ಮುಚ್ಚಿಡುವುದೇನು? ಕೂದಲೆಳೆಯಷ್ಟು ಹೆಚ್ಚು ಉಜ್ಜಿದ್ದರೆ ಸಾಕಿತ್ತು. ಕ್ರ್ಯಾಂಕು ಗುಜರಿಗೆ, ಇನ್ನೊಂದು ಕೊಳ್ಳುವ ಶಕ್ತಿ ನಮಗಿಲ್ಲ, ಲಾರಿ ನಿಂತಲ್ಲೇ ಉಳಿಯುತ್ತಿತ್ತು, ಅದರ ಜೊತೆ ನಾನೂ. ಯಾರ ಸಹಿಯೂ ಬೇಕಾಗುತ್ತಿರಲಿಲ್ಲ, ಯಾರೂ ನನ್ನನ್ನು ಬೈಯುವಂತೆಯೂ ಇರಲಿಲ್ಲ. ಮನಸ್ಸು ಮಾಡಿಕೊಂಡೇ ನಿಂತಿದ್ದೆ. ಕೈ ಬರಲಿಲ್ಲ, ಅಕ್ಕಾ. ಉಜ್ಜುವ ಕಲ್ಲು ತಾಗಿದ ಕೂಡಲೇ ಕೈ ತನ್ನ ಪಾಡಿಗೆ ತಾನು ಸರಿಯಾಗಿ ಕೆಲಸ ಮಾಡಲು ಶುರುಮಾಡಿತು. ಅಳತೆ ನೋಡಿ ನಿಲ್ಲಿಸಿದೆ. ಅಷ್ಟು ಒಳ್ಳೆಯ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಇನ್ನು ಮುಂದೆ ಈ ವಿಷಯ ಬರೆಯಬೇಡ. ನಾನೂ ಬರೆಯುವುದಿಲ್ಲ.

ತಮ್ಮ


ಜೂನ್ 2

ಭಾವನಿಗೆ,

ಪುಟ್ಟೀ, ಜೋರಾಗಿ ಓದಮ್ಮ, ನಿಮ್ಮಪ್ಪನಿಗೆ ಕೇಳಿಸಲಿ. ಇಂಜಿನ್ ಸ್ಟಾರ್ಟ್ ಆಯಿತು!

ಮೊದಲ ಸಲಕ್ಕೇ ಹಿಡಿಯಿತು. ಹೊಗೆ ಇಲ್ಲ, ಕೆಮ್ಮಿಲ್ಲ. ಮೇಸ್ತ್ರಿ ಆಯಿಲ್ಲಿನ ಮುಚ್ಚಳ ತೆಗೆದು ಅಂಗೈ ಇಟ್ಟು ನೋಡಿದರು, ಒಂದು ಹನಿ ಹಾರಲಿಲ್ಲ. ಲೇತಮ್ಮ ತಮ್ಮ ಅಂಗಡಿಯ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ಶಬ್ದ ಕೇಳಿಸಿಕೊಂಡು ನಿಂತರು. "ಇನ್ನು ಹತ್ತು ವರ್ಷ ಇದನ್ನ ಬಿಚ್ಚೋ ಹಾಗಿಲ್ಲ, ಹೋಗು," ಅಂದು ಒಳಗೆ ಹೋದರು. ಹತ್ತು ವರ್ಷ, ಭಾವ!

ನೀನು ಹೇಳಿದ್ದೇ ಸರಿ. ಬ್ಲಾಕ್ ಬದಲಿಸಿದ್ದರೆ ಈ ಶಬ್ದ ಬರುತ್ತಿರಲಿಲ್ಲ. ನಂಬರು ಅದೇ ಇದೆ, ನಮ್ಮ ಎರಡು ಚುಕ್ಕಿಯೂ ಇದೆ. ಲೇತಿನ ಕೆಲಸ ಎರಡು ದಿನಕ್ಕೆ ಚೆಂದ. ಆಮೇಲೆ ಬೇಜಾರು, ನಿಂತಲ್ಲೇ ನಿಲ್ಲುವುದು ನನ್ನಂಥವನಿಗೆ ಆಗಿಬರುವುದಿಲ್ಲ. ಆ ರೂಮಿಗೆ ಇನ್ನೊಬ್ಬ ಬಂದಿದ್ದಾನಂತೆ. ನಾನು ನಾಳೆ ಲೋಡು ತುಂಬುತ್ತೇನೆ, ಟೈಲ್ಸು, ಮೆತ್ತಗೆ ಹೋಗಬೇಕು. ತಿಂಗಳ ಕೊನೆಗೆ ನಿನ್ನ ಅರ್ಧ ಬರುತ್ತದೆ.

ನೀನು ಕಳಿಸಿದ ಸಾಮಾನು ತಲುಪಿತು. ಅಳತೆ ಸರಿಯಾಗಿಯೇ ಇತ್ತು, ಎಲ್ಲಿ ಕೂರಬೇಕೋ ಅಲ್ಲೇ ಕೂತಿತು. ಆದರೆ ಅಷ್ಟು ಹೊತ್ತಿಗೆ ಬೇಕಾಗಲಿಲ್ಲ. ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಅಕ್ಕನಿಗೆ ಹೇಳು, ಎಲ್ಲ ಅಂಗಿಗೂ ಗುಂಡಿ ಹಾಕಿಕೊಂಡಿದ್ದೇನೆ.

ಅವತ್ತು ನೀನು ಹಿಂದಕ್ಕೆ ಸರಿಸಿದ ಸೀಟನ್ನು ಹಾಗೇ ಬಿಟ್ಟಿದ್ದೇನೆ, ಭಾವ. ನೀನು ಬಂದಾಗ ಮತ್ತೆ ಸರಿಸುವ ಕೆಲಸ ಬೇಡ. ನನಗೆ ಕ್ಲಚ್ಚು ಸ್ವಲ್ಪ ಎಟುಕುವುದಿಲ್ಲ, ತುದಿಗೆ ಜರುಗಿ ಕೂರುತ್ತೇನೆ. ಅಭ್ಯಾಸವಾಗುತ್ತದೆ.

ಇಂತಿ,
ಎರಡನೇ ಡ್ರೈವರ್